ಪಿಜ್ಜಾ ರಾಂಚ್, ಅಯೋವಾ: ಬಫೆ ಊಟ, ಹಿಂದಿನ ಕೋಣೆ, ನಿಕ್ಕಿ ಹೇಲಿಗೆ ಸಿಗದ ಓಟು

ಅಮೆರಿಕದ ಅಯೋವಾ ರಾಜ್ಯದ ಹಳ್ಳಿ ಕಡೆ ಹೊಸದಾಗಿ ಕೆಲಸಕ್ಕೆ ಬಂದವರು ಎಲ್ಲಿ ಊಟ ಮಾಡೋದು ಅಂತ ಕೇಳಿದರೆ ನಾನು ಪಿಜ್ಜಾ ರಾಂಚ್ ಹೆಸರು ಹೇಳುತ್ತೇನೆ. ಊಟಕ್ಕಾಗಿ ಮಾತ್ರ ಅಲ್ಲ. ಈ ರಾಜ್ಯದ ಜನ ಹೇಗೆ ಯೋಚನೆ ಮಾಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿ ಕೂತು.

ನಾನು ರಾಣೆಬೆನ್ನೂರಿನವಳು. ಇಲ್ಲಿನ ಏಮ್ಸ್ ಅನ್ನುವ ಊರಲ್ಲಿ ಓದಿ, ಅಲ್ಲೇ ಹತ್ತಿರ ಗೋವಿನಜೋಳದ ಬೀಜದ ಕೆಲಸಕ್ಕೆ ಸೇರಿದೆ. ಜುಲೈ ಬಂತೆಂದರೆ ದಿನವಿಡೀ ಹೊಲದಲ್ಲೇ. ಹೆಣ್ಣು ಸಾಲಿನ ಗಿಡಗಳ ತುದಿಯಲ್ಲಿರುವ ಗಂಡು ಹೂವನ್ನು ಕಿತ್ತು ಹಾಕುವ ಕೆಲಸ ಆಗ ನಡೆಯುತ್ತದೆ. ಹೈಸ್ಕೂಲ್ ಮಕ್ಕಳು ಬೆಳಗಿನ ಇಬ್ಬನಿಯಲ್ಲಿ ನೆನೆದುಕೊಂಡು ಸಾಲು ಸಾಲು ನಡೆಯುತ್ತಾರೆ. ಅದು ಮುಗಿದ ದಿನ, ನಮಗೆ ಬೀಜ ಬೆಳೆದುಕೊಡುವ ಒಬ್ಬ ರೈತರು ಮತ್ತು ಅವರ ಹೆಂಡತಿ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದು ಪಿಜ್ಜಾ ರಾಂಚ್‌ಗೆ. ಆವತ್ತಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ.

ಇದು ಇಲ್ಲಿನ ಮಣ್ಣಿನದೇ ಹೋಟೆಲ್. 1981ರಲ್ಲಿ ಅಯೋವಾದ ವಾಯವ್ಯ ಮೂಲೆಯ ಹಲ್ ಅನ್ನುವ ಸಣ್ಣ ಊರಲ್ಲಿ ಶುರುವಾಯಿತು. ಈಗ ಅಮೆರಿಕದ ಮಧ್ಯಭಾಗದಲ್ಲಿ 200ಕ್ಕೂ ಹೆಚ್ಚು ಕಡೆ ಇದೆ. ಒಳಗೆ ಕೌಬಾಯ್ ಕಾಲದ ಅಲಂಕಾರ, ಮರದ ಗೋಡೆ, ಉದ್ದ ಮೇಜು. ದೇವರ ಹೆಸರಿಗೆ ಮಹಿಮೆ ತರುವುದು ತಮ್ಮ ಉದ್ದೇಶ ಅಂತ ಕಂಪನಿ ಬಹಿರಂಗವಾಗಿಯೇ ಹೇಳಿಕೊಳ್ಳುತ್ತದೆ. ಹಾಗಂತ ಬೇರೆ ಧರ್ಮದವಳಾದ ನನಗೆ ಒಂದು ದಿನವೂ ಮುಜುಗರ ಆಗಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಬಫೆ ಪದ್ಧತಿ. ಪಿಜ್ಜಾ, ಕರಿದ ಚಿಕನ್, ದಪ್ಪ ಆಲೂಗಡ್ಡೆ ಹೋಳು, ಸಲಾಡ್. ಚಿಕನ್ ಬಗ್ಗೆ ನಾನು ಹೇಳಲಾರೆ, ನಾನು ತಿನ್ನುವುದಿಲ್ಲ. ಜೊತೆಗೆ ಬಂದವರು ಪಿಜ್ಜಾ ಬಿಟ್ಟು ಎರಡನೇ ಸಲ ಚಿಕನ್‌ಗೇ ಎದ್ದು ಹೋಗುವುದನ್ನು ಮಾತ್ರ ನೋಡಿದ್ದೇನೆ. ನಮ್ಮಂಥ ಸಸ್ಯಾಹಾರಿಗಳಿಗೆ ಇಲ್ಲೊಂದು ಒಳ್ಳೆಯ ಅನುಕೂಲ ಇದೆ. ಬಫೆಯಲ್ಲಿ ನಮಗೆ ಬೇಕಾದ ಪಿಜ್ಜಾ ಇಲ್ಲದಿದ್ದರೆ ಕೇಳಬಹುದು. ಅವರು ಹೊಸದಾಗಿ ಮಾಡಿ ನಮ್ಮ ಮೇಜಿಗೇ ತರುತ್ತಾರೆ. ಮೊದಲ ತುಂಡು ನಮಗೆ, ಉಳಿದದ್ದು ಬಫೆಗೆ. ಅದಕ್ಕೆ ಬೇರೆ ದುಡ್ಡಿಲ್ಲ. ನಾನು ಯಾವಾಗಲೂ ಹೇಳುವುದು ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಅಣಬೆ, ತೆಳು ರೊಟ್ಟಿ. ಬಿಸಿಬಿಸಿ ಬರುತ್ತದೆ. ಖಾರ ಬಹಳ ಕಡಿಮೆ, ಅದು ಈ ಕಡೆಯ ನಾಲಿಗೆ. ಇಬ್ಬರ ಊಟಕ್ಕೆ ಟಿಪ್ ಸೇರಿ ನನಗೆ ಸುಮಾರು 35 ಡಾಲರ್ ಆಗುತ್ತದೆ, ಊರಿಂದ ಊರಿಗೆ ಸ್ವಲ್ಪ ಹೆಚ್ಚುಕಮ್ಮಿ.

ಕೊನೆಗೆ ಕ್ಯಾಕ್ಟಸ್ ಬ್ರೆಡ್ ತಿನ್ನದೆ ಏಳಬೇಡಿ. ಪಿಜ್ಜಾ ಹಿಟ್ಟಿನ ಮೇಲೆ ದಾಲ್ಚಿನ್ನಿ, ಸಕ್ಕರೆ ಹಾಕಿ ಬೇಯಿಸಿ ಮೇಲೆ ಬಿಳಿ ಐಸಿಂಗ್ ಸುರಿದಿರುತ್ತಾರೆ. 2023ರ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಪಿಜ್ಜಾದ ಮೇಲೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಕ್ಯಾಕ್ಟಸ್ ಬ್ರೆಡ್ ಬಾಯಿಗಿಟ್ಟು, "ಸಕ್ರಿ ಹೋಳಿಗಿ ಇದ್ದಂಗ ಐತಲ್ಲವಾ" ಅಂದರು. ಮೂರು ತುಂಡು ತಿಂದರು.

ಅವತ್ತು ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕುರ್ಚಿ ಸಾಲಾಗಿ ಹಾಕುತ್ತಿದ್ದರು. ಯಾರದೋ ಮದುವೆ ಮಾತುಕತೆಯಾ ಅಂತ ಅಪ್ಪ ಕೇಳಿದರು. ಅಲ್ಲ, ಅಧ್ಯಕ್ಷ ಚುನಾವಣೆಯ ಸಭೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಅಮೆರಿಕದ ಅಧ್ಯಕ್ಷ ಆಗಾಂವ ಇಲ್ಲಿ ಬಂದು ಓಟ್ ಕೇಳ್ತಾನಾ?"

ಹೌದು, ಕೇಳುತ್ತಾರೆ. ಪಿಜ್ಜಾ ರಾಂಚ್ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದೇ ಹೀಗೆ. ಸಣ್ಣ ಊರಿನಲ್ಲಿ ಐವತ್ತು, ಅರವತ್ತು ಜನ ಕೂರುವ ಜಾಗ ಬೇರೆಲ್ಲಿದೆ? ಬಂದವರು ತಟ್ಟೆ ಹಿಡಿದುಕೊಂಡೇ ಭಾಷಣ ಕೇಳಬಹುದು. 2008ರಲ್ಲಿ ಮೈಕ್ ಹಕಬಿ, 2012ರಲ್ಲಿ ರಿಕ್ ಸ್ಯಾಂಟೋರಮ್ ಹೀಗೆ ಪಿಜ್ಜಾ ರಾಂಚ್‌ನಿಂದ ಪಿಜ್ಜಾ ರಾಂಚ್‌ಗೆ ಸುತ್ತಿಯೇ ಅಯೋವಾದ ರಿಪಬ್ಲಿಕನ್ ಕಾಕಸ್ ಗೆದ್ದರು. ಕಾಕಸ್ ಅಂದರೆ ಅಧ್ಯಕ್ಷ ಸ್ಥಾನಕ್ಕೆ ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಊರಿನ ಪಕ್ಷದವರು ಒಂದು ಕಡೆ ಸೇರಿ ಓಟು ಹಾಕುವ ಸಭೆ. ಸ್ಯಾಂಟೋರಮ್ ಗೆದ್ದದ್ದು ಬರೀ 34 ಓಟಿನಿಂದ. ಸೋತವರು ಮಿಟ್ ರಾಮ್ನಿ, ಆ ಸಲದ ಮಧ್ಯಮ ದಾರಿಯ ಅಭ್ಯರ್ಥಿ. ಇಬ್ಬರೂ ಗೆದ್ದವರು ಚರ್ಚಿಗೆ ಹೋಗುವ ಜನರ ಭಾಷೆ ಬಲ್ಲವರು ಅನ್ನುವುದನ್ನು ಗಮನಿಸಿ.

2024ರ ಕಾಕಸ್‌ಗೆ ಆ ಮಧ್ಯದ ಜಾಗದಲ್ಲಿ ನಿಂತವರು ನಿಕ್ಕಿ ಹೇಲಿ. ನನಗೆ ಇಲ್ಲಿ ಓಟಿಲ್ಲ, ಆದರೆ ಅವರು ಗೆಲ್ಲಲಿ ಅಂತ ಮನಸ್ಸಿತ್ತು. ಮುಚ್ಚಿಟ್ಟುಕೊಳ್ಳುವುದಿಲ್ಲ. ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು. ದಕ್ಷಿಣ ಕೆರೊಲಿನಾದ ಬ್ಯಾಂಬರ್ಗ್ ಅನ್ನುವ ಪುಟ್ಟ ಊರಲ್ಲಿ 1972ರಲ್ಲಿ ಹುಟ್ಟಿದವರು. ಆ ರಾಜ್ಯದ ಗವರ್ನರ್ ಆದರು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರನ್ನು ಗುಂಡಿಟ್ಟು ಕೊಂದ ಮೇಲೆ ವಿಧಾನಸಭೆ ಅಂಗಳದಿಂದ ಕಾನ್ಫೆಡರೇಟ್ ಬಾವುಟ ಇಳಿಸಿದರು. ಹಿಂದೆ ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟ ಅದು. ಹಳ್ಳಿ ಅಂದರೆ ಏನು ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತಲೇ ನಾನು ನಂಬಿದ್ದೆ.

ಆ ಚಳಿಗಾಲ ನನ್ನ ರೈತ ದಂಪತಿ ಜೊತೆ ಪಿಜ್ಜಾ ರಾಂಚ್‌ನಲ್ಲಿ ಕೂತಾಗೆಲ್ಲ ಇದೇ ಮಾತು. ಅವರು ಹೇಲಿಯನ್ನು ಬೈಯಲಿಲ್ಲ. ಅದೇ ನನಗೆ ಮೊದಲು ಅರ್ಥವಾಗದೇ ಇದ್ದದ್ದು. ಚುರುಕಾದ ಹೆಂಗಸು, ಚೆನ್ನಾಗಿ ಮಾತಾಡುತ್ತಾಳೆ ಅಂತ ಇಬ್ಬರೂ ಒಪ್ಪುತ್ತಿದ್ದರು. ಆಮೇಲೆ ಒಂದು "ಆದರೆ" ಬರುತ್ತಿತ್ತು. ಗರ್ಭಪಾತದ ವಿಷಯದಲ್ಲಿ ದೇಶವೆಲ್ಲ ಒಪ್ಪುವಂಥ ಒಂದು ದಾರಿ ಹುಡುಕೋಣ ಅಂತ ಹೇಲಿ ಹೇಳುತ್ತಿದ್ದರು. ನನಗೆ ಅದು ತಿಳಿವಳಿಕೆಯ ಮಾತು. ರೈತರ ಹೆಂಡತಿಗೆ ಅದು ಚೌಕಾಸಿ. ಉಕ್ರೇನ್‌ಗೆ ಸಹಾಯ ಮುಂದುವರಿಯಬೇಕು, ಈಗಿನ ಯುವಕರ ನಿವೃತ್ತಿ ವಯಸ್ಸು ಏರಬೇಕು, ದೇಶದ ಸಾಲ ಏರಿಸಿದ್ದರಲ್ಲಿ ಟ್ರಂಪ್ ಪಾಲೂ ಇದೆ. ಇವೆಲ್ಲ ಹೇಲಿ ನೇರವಾಗಿ ಹೇಳಿದ ಮಾತು. ಹೇಳಲು ಧೈರ್ಯ ಬೇಕು. ಆದರೆ ಈ ಮೇಜಿನಲ್ಲಿ ಕೂತವರಿಗೆ ಅದರಲ್ಲಿ ತಮಗಾಗಿ ಏನಿದೆ ಅಂತ ಕಾಣಲಿಲ್ಲ.

ಟ್ರಂಪ್ ಕಾಲದ್ದು ಅವರಿಗೆ ಕಂಡಿತ್ತು. 2018ರಲ್ಲಿ ಚೀನಾ ಜೊತೆ ಸುಂಕದ ಜಗಳ ಶುರುವಾಗಿ ಸೋಯಾಬೀನ್ ದರ ಬಿದ್ದಿತು. ಆಮೇಲೆ ಸರ್ಕಾರ ರೈತರಿಗೆ ಪರಿಹಾರ ಕೊಟ್ಟಿತು, ಎರಡು ವರ್ಷದ ಬೆಳೆಗೆ ಒಟ್ಟು 2000 ಕೋಟಿ ಡಾಲರ್‌ಗೂ ಜಾಸ್ತಿ. ಜಗಳ ತಂದವರೇ ಪರಿಹಾರ ಕೊಟ್ಟರು, ಅದರಲ್ಲೇನು ದೊಡ್ಡದು ಅಂತ ನಾನು ಕೇಳಿದೆ. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಷ್ಟದಲ್ಲಿ ಚೆಕ್ ಬಂತು. ಅದನ್ನು ಮರೆಯೋಕೆ ಆಗಲ್ಲ" ಅಂದರು. 2019ರಲ್ಲಿ ಎಥನಾಲ್ ಹೆಚ್ಚಿರುವ ಪೆಟ್ರೋಲನ್ನು ವರ್ಷವಿಡೀ ಮಾರಲು ಬಿಟ್ಟದ್ದನ್ನೂ ಹೇಳಿದರು. ಅಯೋವಾದ ಗೋವಿನಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ಎಥನಾಲ್‌ಗೇ ಹೋಗುತ್ತದೆ. ಇದು ಅವರ ಮನೆ ಲೆಕ್ಕ.

ಬರೀ ಊರೂರು ಸುತ್ತಿದರೆ ಸಾಲುತ್ತಿತ್ತಾ? ಇನ್ನೊಬ್ಬ ಅಭ್ಯರ್ಥಿ ರಾನ್ ಡಿಸಾಂಟಿಸ್ ಇಲ್ಲಿನ 99 ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಭಾಗಗಳಿಗೂ, ಹೋಗಿ ಬಂದರು. ಅಯೋವಾದ ಗವರ್ನರ್ ಕಿಮ್ ರೆನಾಲ್ಡ್ಸ್ ಬೆಂಬಲವೂ ಇತ್ತು. ಆದರೂ ಶೇ. 21 ಓಟಿನಲ್ಲೇ ನಿಂತರು.

ನನಗೆ ಆಗ ನೆನಪಾಗಿದ್ದು ನಮ್ಮೂರಿನ ಬೀಜದ ಅಂಗಡಿ. ರಾಣೆಬೆನ್ನೂರಿಗೆ ಪ್ರತಿ ವರ್ಷ ಹೊಸ ಕಂಪನಿ ಬೀಜ ಬರುತ್ತದೆ. ಇಳುವರಿ ಎಷ್ಟೇ ಚೆನ್ನಾಗಿದೆ ಅಂದರೂ ಅಪ್ಪ ಮೊದಲ ವರ್ಷ ಹೊಲದ ಒಂದು ಅಂಚಿಗೆ ನಾಲ್ಕು ಸಾಲು ಹಾಕುತ್ತಿದ್ದರು. ಮಳೆ ತಪ್ಪಿದ ವರ್ಷ ಹೇಗೆ ನಿಲ್ಲುತ್ತದೆ ಅಂತ ನೋಡುತ್ತಿದ್ದರು. ಪಕ್ಕದ ಹೊಲದವರನ್ನು ಕೇಳುತ್ತಿದ್ದರು. ಇಡೀ ಹೊಲಕ್ಕೆ ಹಾಕಲು ಮೂರು ವರ್ಷ ಬೇಕಿತ್ತು. ಟ್ರಂಪ್ ಬೀಜವನ್ನು ಇಲ್ಲಿಯವರು ಎರಡು ಚುನಾವಣೆ ಹಾಕಿ ನೋಡಿದ್ದರು. ಹೇಲಿ ಒಂದೇ ರಾತ್ರಿಯಲ್ಲಿ ಇಡೀ ಹೊಲ ಕೇಳುತ್ತಿದ್ದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಕಾಕಸ್ ಇರುವುದೇ ಹಾಗೆ.

ನನಗೆ ನಿಜವಾಗಿ ನೋವಾಗಿದ್ದು ಬೇರೆ. ಜನವರಿ ಮೊದಲ ವಾರ ಹೇಲಿ, ಅಯೋವಾ ಆದ ಮೇಲೆ ಓಟು ಹಾಕುವ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾತಾಡುತ್ತಾ, ಅಯೋವಾ ಶುರು ಮಾಡುತ್ತದೆ, ನೀವು ಅದನ್ನು ತಿದ್ದುತ್ತೀರಿ ಅನ್ನುವ ಅರ್ಥದ ಮಾತು ಆಡಿದರು. ನಮ್ಮ ಮೇಜಿನಲ್ಲಿ ರೈತರ ಹೆಂಡತಿ ಅದನ್ನು ಫೋನಿನಲ್ಲಿ ನನಗೆ ತೋರಿಸಿದರು. ಕೋಪ ಇರಲಿಲ್ಲ ಅವರಿಗೆ. "ನಾವು ಏನು ತಪ್ಪು ಬರೆದಿದ್ದೇವೆ ತಿದ್ದೋಕೆ?" ಅಂತ ಮೆಲ್ಲಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 2012ರ ಚುನಾವಣೆಯ ಸ್ಪರ್ಧೆಯಲ್ಲಿದ್ದ ಇನ್ನೊಬ್ಬ ಮಧ್ಯಮ ದಾರಿಯವರು, ಜಾನ್ ಹಂಟ್ಸ್‌ಮನ್, ಅಯೋವಾದವರು ಜೋಳ ಆರಿಸುತ್ತಾರೆ, ಅಧ್ಯಕ್ಷರನ್ನು ಆರಿಸುವುದು ನ್ಯೂ ಹ್ಯಾಂಪ್‌ಶೈರ್ ಅಂದಿದ್ದರು. ಇಲ್ಲಿಯ ಜನ ಅದನ್ನೂ ಮರೆತಿಲ್ಲ. ಜೋಳ ಬೆಳೆಯುವವರ ನಾಡಿನಿಂದ ಬಂದವಳಾಗಿ ನನಗೂ ಆ ಮಾತು ಚುಚ್ಚುತ್ತದೆ.

ಜನವರಿ 15. ಕಾಕಸ್ ರಾತ್ರಿ. ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗಾಳಿಗೆ ರೆಪ್ಪೆ ಅಂಟಿಕೊಳ್ಳುತ್ತಿತ್ತು. ನೋಡಲಿಕ್ಕೆ ಅಂತ ಅವರ ಜೊತೆ ಒಂದು ಶಾಲೆಗೆ ಹೋಗಿದ್ದೆ. ಏಳು ಗಂಟೆಗೆ ಬಾವುಟಕ್ಕೆ ಪ್ರತಿಜ್ಞೆ. ಆಮೇಲೆ ಒಬ್ಬೊಬ್ಬ ಅಭ್ಯರ್ಥಿ ಪರವಾಗಿ ಊರಿನವರೇ ಒಬ್ಬರು ಎದ್ದು ಮಾತಾಡುತ್ತಾರೆ. ಟ್ರಂಪ್ ಪರವಾಗಿ ಎದ್ದವರು ಊರಿಗೆಲ್ಲ ಬೇಕಾದವರು, ಎರಡು ನಿಮಿಷದಲ್ಲಿ ಕೂತರು, ಚಪ್ಪಾಳೆ. ಹೇಲಿ ಪರವಾಗಿ ಒಬ್ಬ ನಿವೃತ್ತ ಟೀಚರ್ ಎದ್ದರು. ಚೀಟಿ ನೋಡಿಕೊಂಡು ಓದಿದರು, ಕೈ ನಡುಗುತ್ತಿತ್ತು. ಅವರ ಮೇಲೆ ನನಗೆ ಬಹಳ ಗೌರವ ಬಂತು. ದಿನಾ ಮುಖ ನೋಡಬೇಕಾದ ಜನರ ನಡುವೆ ಒಬ್ಬರೇ ಎದ್ದು ನಿಲ್ಲುವುದು ಸುಲಭ ಅಲ್ಲ. ಬಿಳಿ ಚೀಟಿಯಲ್ಲಿ ಗುಟ್ಟಾಗಿ ಹೆಸರು ಬರೆದು ಕೊಟ್ಟರು, ಎಣಿಸಿದರು. ಹೇಲಿಯ ಚೀಟಿಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ರಾಜ್ಯದ ಲೆಕ್ಕ ಬಂದಾಗ ಟ್ರಂಪ್‌ಗೆ ಶೇ. 51, ಹೇಲಿಗೆ ಶೇ. 19, ಮೂರನೇ ಜಾಗ. 99 ಕೌಂಟಿಗಳಲ್ಲಿ 98 ಟ್ರಂಪ್‌ಗೆ. ಹೇಲಿ ಗೆದ್ದದ್ದು ಒಂದೇ ಕೌಂಟಿ, ಯೂನಿವರ್ಸಿಟಿ ಇರುವ ಅಯೋವಾ ಸಿಟಿಯ ಜಾನ್ಸನ್ ಕೌಂಟಿ. ಅದೂ ಒಂದೇ ಒಂದು ಓಟಿನಿಂದ. ಕಾಕಸ್‌ಗೆ ಸ್ವಲ್ಪ ಮುಂಚೆ ಬಂದ ಅಯೋವಾದ ಹೆಸರಾಂತ ಸಮೀಕ್ಷೆಯಲ್ಲಿ, ತಮ್ಮ ಅಭ್ಯರ್ಥಿ ಬಗ್ಗೆ ಅತಿ ಉತ್ಸಾಹ ಇದೆ ಅಂದ ಹೇಲಿ ಬೆಂಬಲಿಗರು ಶೇ. 9 ಮಾತ್ರ. ಅಂಥ ಚಳಿಯಲ್ಲಿ ಜನರನ್ನು ಮನೆಯಿಂದ ಹೊರಗೆ ಎಳೆದು ತರುವುದು ಆ ಉತ್ಸಾಹವೇ ಅಲ್ವಾ?

ಆಮೇಲಿನದು ಬೇಗ ಮುಗಿಯಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ. 43, ಅಲ್ಲಿ ಯಾವ ಪಕ್ಷಕ್ಕೂ ಸೇರದವರ ಓಟು ಕೈ ಹಿಡಿಯಿತು. ಫೆಬ್ರವರಿ 24ಕ್ಕೆ ಸ್ವಂತ ರಾಜ್ಯದಲ್ಲೇ ಸೋತರು. ಚಾರ್ಲ್ಸ್‌ಟನ್‌ನಂಥ ಪಟ್ಟಣದ ಕಡೆ ಗೆದ್ದರು, ಹುಟ್ಟಿದ ಬ್ಯಾಂಬರ್ಗ್ ಕೌಂಟಿಯಲ್ಲಿ ಸೋತರು. ಆ ಸುದ್ದಿ ಓದಿ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ನನ್ನೂರು ನನ್ನನ್ನು ಬೇಡ ಅಂದರೆ ಹೇಗಿರುತ್ತದೆ ಅಂತ ಯೋಚನೆ ಬಂತು. ಮಾರ್ಚ್ 6ಕ್ಕೆ ಹೇಲಿ ಸ್ಪರ್ಧೆ ನಿಲ್ಲಿಸಿದರು.

ಕಾಕಸ್ ಆದ ಮುಂದಿನ ವಾರ ನಾವು ಮೂವರೂ ಅದೇ ಮೇಜಿನಲ್ಲಿ ಕೂತೆವು. ಆ ಸಂಜೆ ಹೋಟೆಲಿನಲ್ಲಿ ಊರಿನ ಒಂದು ಕುಟುಂಬದ ಆಸ್ಪತ್ರೆ ಖರ್ಚಿಗೆ ದುಡ್ಡು ಕೂಡಿಸುತ್ತಿದ್ದರು. ಪಿಜ್ಜಾ ರಾಂಚ್‌ನಲ್ಲಿ ಇದು ಆಗಾಗ ನಡೆಯುತ್ತದೆ. ಊರಿನವರೇ ಬಂದು ಮೇಜು ಒರೆಸಿ, ತಟ್ಟೆ ಎತ್ತುತ್ತಾರೆ. ಟಿಪ್ ಮತ್ತು ಆವತ್ತಿನ ವ್ಯಾಪಾರದ ಒಂದು ಪಾಲು ಅವರ ಕೆಲಸಕ್ಕೆ ಹೋಗುತ್ತದೆ. ನಮ್ಮ ತಟ್ಟೆ ಎತ್ತಲು ಬಂದವರು ಆ ನಿವೃತ್ತ ಟೀಚರ್. ಟ್ರಂಪ್ ಪರ ಮಾತಾಡಿದವರು ಪಕ್ಕದ ಮೇಜು ಒರೆಸುತ್ತಿದ್ದರು. ಇಬ್ಬರೂ ಬಕೆಟ್ ಹಂಚಿಕೊಂಡಿದ್ದರು. ಅಭ್ಯರ್ಥಿಗಳು ನಲವತ್ತು ನಿಮಿಷ ಬಂದು ಹೋಗುವ ಜಾಗದಲ್ಲಿ ಇವರು ಮೂವತ್ತು ವರ್ಷದಿಂದ ಇದ್ದಾರೆ.

ಹೋಗುವವರಿಗೆ ಎರಡು ಮಾತು. ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ಹೋಗಬೇಡಿ, ಸಾಲು ಬಾಗಿಲ ತನಕ ಇರುತ್ತದೆ. ವಾರದ ಮಧ್ಯೆ ಸಂಜೆ ಐದೂವರೆಗೆ ಹೋದರೆ ಆರಾಮ. ನಿಮ್ಮ ಪಿಜ್ಜಾ ಯಾವುದು ಅಂತ ಕೂತ ಕೂಡಲೇ ಹೇಳಿಬಿಡಿ, ಅದು ಬರುವಷ್ಟರಲ್ಲಿ ಸಲಾಡ್ ಮುಗಿದಿರುತ್ತದೆ. ಕಳೆದ ವಾರ ನಾನು ಹೋದಾಗ ಕೌಂಟರಿನ ಹುಡುಗಿ, "ಅಣಬೆ, ಈರುಳ್ಳಿ, ತೆಳು, ಅಲ್ವಾ?" ಅಂತ ಅವಳೇ ಹೇಳಿದಳು. ಆಮೇಲೆ ನಿಮ್ಮಪ್ಪ ಮತ್ತೆ ಯಾವಾಗ ಬರುತ್ತಾರೆ ಅಂತ ಕೇಳಿದಳು.