ಶಾಂಘೈಗೆ ಹೋದವರು ಸುಝೌಗೆ ಒಂದು ದಿನ ಇಟ್ಟುಕೊಳ್ಳಿ

ನಮ್ಮ ಚಿಕ್ಕಮಗಳೂರು ಕಡೆಯಿಂದ ಕೆಲಸ, ವ್ಯಾಪಾರ ಅಂತ ಶಾಂಘೈಗೆ ಹೋಗುವವರಿಗೆ ಒಂದು ಮಾತು. ಒಂದು ದಿನ ಬಿಡುವು ಸಿಕ್ಕರೆ ಮಾಲ್ ಸುತ್ತಬೇಡಿ, ಹಳೇ ಗಾರ್ಡನ್‌ಗಳಿಗೆ ಹೆಸರಾದ ಸುಝೌ ಊರಿಗೆ ಹೋಗಿ. ಬುಲೆಟ್ ಟ್ರೈನಿನಲ್ಲಿ ಅರ್ಧ ಗಂಟೆ ಅಷ್ಟೇ. ಪಾಸ್‌ಪೋರ್ಟ್ ಮಾತ್ರ ಜೇಬಲ್ಲೇ ಇರಲಿ, ಟ್ರೈನಿಗೂ ಬೇಕು, ಗಾರ್ಡನ್ ಟಿಕೆಟ್ಟಿಗೂ ಬೇಕು.

ಅಲ್ಲಿನ ದೊಡ್ಡ ಹೆಸರು ಝುವೊಜೆಂಗ್ ಯುವಾನ್, ಅಂದರೆ ಹಂಬಲ್ ಅಡ್ಮಿನಿಸ್ಟ್ರೇಟರ್ಸ್ ಗಾರ್ಡನ್. 1510ರ ಆಸುಪಾಸಿನಲ್ಲಿ, ಸರ್ಕಾರಿ ಕೆಲಸ ಬಿಟ್ಟು ಊರಿಗೆ ಬಂದ ವಾಂಗ್ ಶಿಯಾನ್‌ಚೆನ್ ಅನ್ನುವ ಅಧಿಕಾರಿ ಮಾಡಿಸಿದ್ದು. ಸುಮಾರು 13 ಎಕರೆ. ಲಾಲ್‌ಬಾಗ್ ತರಹ ಹೂವಿನ ಪಾತಿ, ಹುಲ್ಲುಹಾಸು ನಿರೀಕ್ಷೆ ಮಾಡಿದರೆ ಬೇಜಾರಾಗುತ್ತದೆ. ಇಲ್ಲಿ ಎಲ್ಲಾ ನೀರು, ತೂತು ತೂತಾದ ಸುಣ್ಣದ ಕಲ್ಲು, ಬಿಳಿ ಗೋಡೆ, ಹೆಂಚಿನ ಮಂಟಪ. ಗೋಡೆಯ ಜಾಲರಿ ಕಿಟಕಿಗಳ ಹತ್ತಿರ ನಿಧಾನ ಮಾಡಿ. ಬೇಲೂರಿನ ಜಾಲಂಧ್ರಗಳ ಹಾಗೆ ವಿನ್ಯಾಸ ಬದಲಾಗುತ್ತಲೇ ಹೋಗುತ್ತದೆ, ಆಚೆಗಿನ ಬಿದಿರು ಅಷ್ಟಿಷ್ಟೇ ಕಾಣುತ್ತದೆ. ಕೊಳದ ಆಚೆ ಮರಗಳ ನಡುವೆ ಒಂದು ಎತ್ತರದ ಪಗೋಡಾ ಕಾಣುತ್ತದಲ್ಲ, ಅದು ಗಾರ್ಡನ್ನಿನದೇ ಅಲ್ಲ, ಹೊರಗೆ ಸ್ವಲ್ಪ ದೂರದಲ್ಲಿರುವ ಬೌದ್ಧ ದೇವಸ್ಥಾನದ್ದು. ಅದು ಒಳಗೇ ಇದೆ ಅನ್ನಿಸುವ ಹಾಗೆ ಕೊಳದ ಜಾಗವನ್ನೇ ಹೊಂದಿಸಿದ್ದಾರೆ.

ನನಗೆ ತುಂಬಾ ಹಿಡಿಸಿದ್ದು ಮಳೆ ಕೇಳುವುದಕ್ಕೆ ಅಂತಲೇ ಕಟ್ಟಿದ ಮಂಟಪ. ಮುಂದೆ ಚಿಕ್ಕ ಕೊಳ, ಪಕ್ಕದಲ್ಲಿ ಬಾಳೆ. ಗೊನೆಗಲ್ಲ, ಊಟದ ಎಲೆಗಲ್ಲ, ಹನಿ ಬಿದ್ದಾಗ ಬರುವ ಸದ್ದಿಗೆ ಬಾಳೆ ನೆಟ್ಟಿದ್ದಾರೆ! ಜೂನ್ ಬಂತೆಂದರೆ ಮನೆ ಹಿಂದೆ ಅದೇ ಸದ್ದು ಕೇಳುತ್ತಾ ಬೆಳೆದವರು ನಾವು, ಅದನ್ನು ಕೇಳಲು ಒಬ್ಬರು ಕೂರುವ ಜಾಗ ಮಾಡಿಸಿದ್ದಾರೆ ಅಂದರೆ ಖುಷಿ ಆಗದೆ ಇರುತ್ತಾ? ಹಾಗಾಗಿ ಮಳೆ ಅಂತ ಪ್ಲಾನ್ ಕ್ಯಾನ್ಸಲ್ ಮಾಡಬೇಡಿ.

ಜನ ಮಾತ್ರ ವಿಪರೀತ. ಬಾವುಟ, ಮೈಕ್ ಹಿಡಿದ ಗೈಡುಗಳ ಗುಂಪು ಬಂದರೆ ಸೇತುವೆ ಮೇಲೆ ನಿಲ್ಲಲೂ ಜಾಗ ಇರಲ್ಲ. ಗೇಟು ತೆಗೆಯುವ ಹೊತ್ತಿಗೇ ಹೋಗಿ. ಗದ್ದಲ ಆಗದವರು ಅದೇ ಊರಿನ ವಾಂಗ್‌ಶಿ ಯುವಾನ್ ಅನ್ನುವ ಇನ್ನೊಂದು ಗಾರ್ಡನ್ನಿಗೆ ಹೋಗಲಿ, ಒಂದೂವರೆ ಎಕರೆ ಹತ್ತಿರ ಇರಬಹುದು ಅಷ್ಟೇ, ಆದರೆ ದಾರಿ ತಿರುಗುತ್ತಾ ತಿರುಗುತ್ತಾ ಅಷ್ಟು ಚಿಕ್ಕದು ಅಂತ ಗೊತ್ತೇ ಆಗಲ್ಲ. ಅದರ ಒಂದು ಅಂಗಳವನ್ನೇ ಮಾದರಿ ಮಾಡಿಕೊಂಡು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಳಗೆ ಕಟ್ಟಿದ್ದಾರೆ.

ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಒಯ್ಯಿರಿ. ಝುವೊಜೆಂಗ್ ಪಕ್ಕದಲ್ಲೇ ಹೆಸರಾಂತ ವಾಸ್ತುಶಿಲ್ಪಿ ಐ.ಎಂ. ಪೇ ವಿನ್ಯಾಸ ಮಾಡಿದ ಸುಝೌ ಮ್ಯೂಸಿಯಂ ಇದೆ, ಫ್ರೀ, ಆದರೆ ಮೊದಲೇ ಬುಕ್ ಮಾಡಬೇಕು. ಸೋಮವಾರ ರಜೆ.