ನಿರ್ಬಂಧದ ದಿನಗಳಲ್ಲಿ ಮ್ಯಾವಿಕ್ ಮಿನಿ: 249 ಗ್ರಾಂ ಎಲ್ಲಿ ನೆರವಾಗುತ್ತದೆ, ಎಲ್ಲಿ ಇಲ್ಲ

ಡಿಜೆಐ ಕಂಪನಿಯ ಪುಟ್ಟ ಕ್ಯಾಮೆರಾ ಡ್ರೋನು ಮ್ಯಾವಿಕ್ ಮಿನಿ ಬಿಡುಗಡೆಯಾದದ್ದು 2019ರ ಕೊನೆಯಲ್ಲಿ. ಕೆಲವೇ ತಿಂಗಳಲ್ಲಿ ಕೊರೊನಾ ಬಂತು, ಜನ ಮನೆಯಲ್ಲಿ ಉಳಿಯಬೇಕಾಯಿತು. ಹೊಸ ಹವ್ಯಾಸ ಹುಡುಕುತ್ತಿದ್ದ ಅನೇಕರ ಕಣ್ಣು ಬಿದ್ದದ್ದು ಇದರ ಮೇಲೆಯೇ. "ಚಿಕ್ಕದು, ನೋಂದಣಿ ಬೇಡ, ತಾರಸಿಯಿಂದಲೇ ಹಾರಿಸಬಹುದು" ಎಂಬ ಮಾತು ಎಲ್ಲೆಡೆ ಕೇಳುತ್ತಿತ್ತು. ಮೊದಲನೆಯದು ನಿಜ. ಎರಡನೆಯದು ಕೆಲವು ದೇಶಗಳಲ್ಲಿ ಮಾತ್ರ ನಿಜ. ಮೂರನೆಯದು ಹಲವು ಕಡೆ ತಪ್ಪು. ಹಾಗಾಗಿ ಕ್ಯಾಮೆರಾ ಹೇಗಿದೆ ಎಂಬುದಕ್ಕಿಂತ ಮೊದಲು, ಓಡಾಟಕ್ಕೆ ಕಡಿವಾಣ ಇರುವ ದಿನಗಳಲ್ಲಿ ಇದನ್ನು ಎಲ್ಲಿ, ಹೇಗೆ ಹಾರಿಸಬಹುದು ಎಂಬುದನ್ನೇ ನೋಡೋಣ.

ತೂಕದಿಂದ ಶುರು ಮಾಡುವುದು ಒಳ್ಳೆಯದು. ಬ್ಯಾಟರಿ, ರೆಕ್ಕೆಗಳು, ಮೆಮೊರಿ ಕಾರ್ಡ್ ಎಲ್ಲ ಸೇರಿ 249 ಗ್ರಾಂ. ಹಲವು ದೇಶಗಳ ನಿಯಮದಲ್ಲಿ ಗೆರೆ ಇರುವುದು 250ಕ್ಕೆ. ಅಂದರೆ ಕೈಯಲ್ಲಿ ಉಳಿಯುವುದು ಒಂದೇ ಗ್ರಾಂ. ಅಂದಕ್ಕೆ ಅಂಟಿಸುವ ಸ್ಟಿಕ್ಕರ್, ಕತ್ತಲಲ್ಲಿ ಕಾಣಲೆಂದು ಕಟ್ಟುವ ಮಿಣುಕು ದೀಪ, ನೀರಿನ ಬಳಿ ಇಳಿಸಲು ಹಾಕುವ ಉದ್ದದ ಕಾಲು, ಯಾವುದನ್ನು ಸೇರಿಸಿದರೂ ಗೆರೆ ದಾಟಿಬಿಡಬಹುದು. ಕಂಪನಿಯದೇ ಆದ ಸುತ್ತುಗಟ್ಟಿನ ರೆಕ್ಕೆ ರಕ್ಷಕ ಹಾಕಿದರಂತೂ 250 ದಾಟುವುದು ಖಚಿತ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಹೊರಗೆ ಒಯ್ಯುವ ಸ್ಥಿತಿಯಲ್ಲೇ ಇಟ್ಟು ತೂಗಿ ನೋಡಿ.

ತೂಕದ ವಿನಾಯಿತಿ ಎಲ್ಲೆಡೆ ಒಂದೇ ರೀತಿ ಇಲ್ಲ. ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಮಾತ್ರ ಹಾರಿಸುವವರಿಗೆ 250 ಗ್ರಾಂಗಿಂತ ಕಡಿಮೆ ಇದ್ದರೆ ನೋಂದಣಿ ಬೇಕಿಲ್ಲ. ಆದರೂ ನಿಯಂತ್ರಿತವಲ್ಲದ ವಾಯುಪ್ರದೇಶದಲ್ಲಿ 400 ಅಡಿಯ ಮಿತಿ, ಡ್ರೋನು ಕಣ್ಣಿಗೆ ಕಾಣುತ್ತಿರಬೇಕೆಂಬ ನಿಯಮ, ವಿಮಾನ ನಿಲ್ದಾಣದ ಸುತ್ತ ಅನುಮತಿ ಪಡೆಯುವ ಕಟ್ಟಳೆ ಯಾವುದೂ ತಪ್ಪುವುದಿಲ್ಲ. ಭಾರತದಲ್ಲಿ 2018ರ ಡಿಸೆಂಬರ್ 1ರಿಂದ 2021ರವರೆಗೆ ಜಾರಿಯಲ್ಲಿದ್ದ ನಿಯಮವು 250 ಗ್ರಾಂವರೆಗಿನ ಡ್ರೋನುಗಳನ್ನು ನ್ಯಾನೋ ವರ್ಗಕ್ಕೆ ಸೇರಿಸಿ, ಅವುಗಳ ವಿನಾಯಿತಿಗೆ 50 ಅಡಿ ಎತ್ತರದ ಮಿತಿ ಹಾಕಿತು. ಯುರೋಪಿನ ಕಥೆ ಬೇರೆ. ಅಲ್ಲಿನ ಏಕರೂಪ ನಿಯಮ 2020ರ ಜುಲೈ 1ಕ್ಕೆ ಬರಬೇಕಿತ್ತು, ಕೊರೊನಾದಿಂದಾಗಿಯೇ ಡಿಸೆಂಬರ್ 31ಕ್ಕೆ ಮುಂದೂಡಲ್ಪಟ್ಟಿತು. ಅದರ ಪ್ರಕಾರ, ಆಟಿಕೆಯಲ್ಲದ ಡ್ರೋನಿನಲ್ಲಿ ಕ್ಯಾಮೆರಾ ಇದ್ದರೆ, 250 ಗ್ರಾಂಗಿಂತ ಕಡಿಮೆ ಇದ್ದರೂ, ಹಾರಿಸುವವರು ನೋಂದಾಯಿಸಿಕೊಳ್ಳಲೇಬೇಕು. ಮಿನಿಯಲ್ಲಿ ಕ್ಯಾಮೆರಾ ಇದೆ. ಅಲ್ಲಿಗೆ "ನೋಂದಣಿ ಬೇಡ" ಎಂಬ ಮಾತು ಬಿದ್ದುಹೋಯಿತು.

ಇನ್ನೊಂದನ್ನು ಒತ್ತಿ ಹೇಳಬೇಕು. ವಾಯುಯಾನದ ನಿಯಮ ಬೇರೆ, ಸಾಂಕ್ರಾಮಿಕದ ಆದೇಶ ಬೇರೆ. ಮೊದಲನೆಯದು ಡ್ರೋನು ಎಲ್ಲಿ ಹಾರಬಹುದು ಎನ್ನುತ್ತದೆ, ಎರಡನೆಯದು ನೀವು ಎಲ್ಲಿ ನಿಲ್ಲಬಹುದು ಎನ್ನುತ್ತದೆ. ಒಂದು ಮೈದಾನದ ಮೇಲಿನ ಆಕಾಶ ಮುಕ್ತವಾಗಿದ್ದರೂ, ವ್ಯಾಯಾಮಕ್ಕೋ ದಿನಸಿಗೋ ಮಾತ್ರ ಹೊರಗೆ ಬನ್ನಿ ಎಂಬ ಆದೇಶ ಇದ್ದರೆ ಡ್ರೋನ್ ಚೀಲ ಹೆಗಲಿಗೇರಿಸಿ ಹೋಗುವುದು ತಪ್ಪೇ. ಹೊರಡುವ ಮುನ್ನ ನೋಡಬೇಕಾದ ಕ್ರಮ ಇದು: ಮೊದಲು ಸ್ಥಳೀಯ ಆಡಳಿತದ ಅಂದಿನ ಆದೇಶ, ಆಮೇಲೆ ಆ ಜಾಗದ ಒಡೆಯರ ಅಥವಾ ಉದ್ಯಾನದ ನಿಯಮ, ಆಮೇಲೆ ವಾಯುಯಾನ ಪ್ರಾಧಿಕಾರದ ನಕ್ಷೆ ಮತ್ತು ತಾತ್ಕಾಲಿಕ ನಿರ್ಬಂಧಗಳ ಸೂಚನೆ. ಮಿನಿ ಹಾರಿಸಲು ಬಳಸುವ ಡಿಜೆಐ ಫ್ಲೈ ಆ್ಯಪ್ ಆ ದಿನಗಳಲ್ಲಿ ತೋರಿಸುತ್ತಿದ್ದ ಬಣ್ಣದ ವಲಯಗಳು ಕಂಪನಿಯವು. ಆ್ಯಪ್ ತಡೆಯಲಿಲ್ಲ ಎಂದ ಮಾತ್ರಕ್ಕೆ ಕಾನೂನು ಒಪ್ಪಿತು ಎಂದಲ್ಲ.

ಅಂಥ ದಿನಗಳಲ್ಲಿ ಆಕಾಶವೂ ಪೂರ್ತಿ ಖಾಲಿಯಲ್ಲ. ಪ್ರಯಾಣಿಕ ವಿಮಾನಗಳು ಕಡಿಮೆಯಾಗಿರಬಹುದು, ಆದರೆ ಆಸ್ಪತ್ರೆಗೆ ಹೋಗುವ ಹೆಲಿಕಾಪ್ಟರು ತಗ್ಗಿನಲ್ಲಿ, ಮುನ್ಸೂಚನೆ ಇಲ್ಲದೆ ಬರುತ್ತದೆ. ಹತ್ತಿರದ ವಿಮಾನಗಳ ಸಂಕೇತ ಹಿಡಿದು ಎಚ್ಚರಿಸುವ ಏರ್‌ಸೆನ್ಸ್ ಮಿನಿಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಮ್ಯಾವಿಕ್ ಏರ್ 2ರಲ್ಲಿ ಅದನ್ನು ಕೊಟ್ಟರು, ಆದರೆ ಬಿಡಿಭಾಗಗಳ ಪೂರೈಕೆಗೆ ಕೊರೊನಾ ಅಡ್ಡಬಂದು ಆರಂಭದಲ್ಲಿ ಉತ್ತರ ಅಮೆರಿಕದ ಮಾದರಿಗಳಿಗೆ ಮಾತ್ರ ಸಿಕ್ಕಿತು. ಮಿನಿ ಹಾರಿಸುವವರಿಗೆ ಕಿವಿಯೇ ಸಾಧನ. ಹೆಲಿಕಾಪ್ಟರಿನ ಸದ್ದು ಕೇಳಿದ ಕೂಡಲೇ ಇಳಿಸಲು ಶುರು ಮಾಡಬೇಕು, ಅದು ಕಣ್ಣಿಗೆ ಬೀಳಲಿ ಎಂದು ಕಾಯಬಾರದು. ಮಿನಿ ಸಾಧಾರಣ ಮೋಡ್‌ನಲ್ಲಿ ನಿಧಾನವಾಗಿ ಇಳಿಯುತ್ತದೆ. ಎತ್ತರದಲ್ಲಿದ್ದಷ್ಟೂ ಕೈಯಲ್ಲಿರುವ ಸಮಯ ಕಡಿಮೆ.

ಜೊತೆಗೆ ಕಣ್ಣಿಡಲು ಒಬ್ಬರಿದ್ದರೆ ಒಳ್ಳೆಯದು. ಮನೆಯವರೇ ಆದರೆ ಸರಿ, ಹೊರಗಿನವರಾದರೆ ಎರಡು ಮೀಟರ್ ದೂರ ನಿಂತು ಬಾಯಿಮಾತಿನಲ್ಲೇ ಹೇಳಬೇಕು. ರಿಮೋಟ್ ಕೈಯಿಂದ ಕೈಗೆ ದಾಟಬಾರದು. ಡ್ರೋನು ಮೇಲೇರಿತೆಂದರೆ ನೋಡಲು ಜನ ಸೇರುತ್ತಾರೆ, ಅದರಲ್ಲೂ ಮಕ್ಕಳು. ನಾಲ್ಕು ಜನ ಸೇರಿದರೆ ಇಳಿಸಿ ಮಡಚಿಡುವುದೇ ಸರಿ. ಗುಂಪು ಸೇರಬಾರದ ದಿನದಲ್ಲಿ ಗುಂಪು ಸೇರಿಸಿದ ಹೊಣೆ ಹಾರಿಸುವವರದು.

ತಾರಸಿಯ ವಿಚಾರಕ್ಕೆ ಬರೋಣ. ಬ್ರಿಟನ್ನಿನಲ್ಲಿ 2020ರ ಕೊನೆಯವರೆಗೂ ಕ್ಯಾಮೆರಾ ಡ್ರೋನು ಸಂಬಂಧವಿಲ್ಲದ ಜನರಿಂದ, ಕಟ್ಟಡಗಳಿಂದ 50 ಮೀಟರ್ ದೂರ ಇರಬೇಕಿತ್ತು. ನಿಮ್ಮ ಮನೆಯಿಂದ ಎಲ್ಲ ದಿಕ್ಕಿಗೂ 50 ಮೀಟರ್ ಅಳೆದು ನೋಡಿದರೆ ಎಷ್ಟು ಮನೆ ಒಳಗೆ ಬರುತ್ತವೆ ಎಂದು ಗೊತ್ತಾಗುತ್ತದೆ. ನಿಮ್ಮಲ್ಲಿ ನಿಯಮ ಸಡಿಲ ಇದ್ದರೂ ಮೂರು ತೊಂದರೆಗಳಿವೆ. ಕಾಂಕ್ರೀಟಿನೊಳಗಿನ ಕಬ್ಬಿಣದಿಂದ ದಿಕ್ಸೂಚಿ ಕೆಡುತ್ತದೆ. ಏರಿದ ಮೇಲೆ ದಿಕ್ಕು ತಪ್ಪಿ, ನಿಂತಲ್ಲಿ ನಿಲ್ಲದೆ ಸುರುಳಿ ಸುತ್ತತೊಡಗುತ್ತದೆ. ಮರದ ಸ್ಟೂಲ್ ಅಥವಾ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಏರಿಸಿದರೆ ಇದು ಸಾಕಷ್ಟು ತಗ್ಗುತ್ತದೆ. ಎರಡನೆಯದು ಬಿದ್ದಾಗಿನ ಪಾಡು: ಕ್ವಾರಂಟೈನ್‌ನಲ್ಲಿರುವ ಮನೆಯ ಅಂಗಳಕ್ಕೆ ಬಿದ್ದ ಡ್ರೋನನ್ನು ಕೇಳಲು ಹೋಗಿ ಬಾಗಿಲು ತಟ್ಟುವಂತಿಲ್ಲ. ಮೂರನೆಯದೇ ನನಗೆ ದೊಡ್ಡದೆನಿಸುತ್ತದೆ. ಇಡೀ ಊರೇ ಮನೆಯಲ್ಲಿರುವಾಗ ಬಾಲ್ಕನಿ, ತಾರಸಿಗಳೇ ಜನರ ಏಕೈಕ ಬಯಲು. ಅಲ್ಲಿಗೆ ಕ್ಯಾಮೆರಾ ಇಣುಕಬಾರದು.

ಹಾಗಾದರೆ ಮನೆಯೊಳಗೆ? ವಾಯುಯಾನದ ನಿಯಮಗಳು ಬಹುತೇಕ ದೇಶಗಳಲ್ಲಿ ಮುಚ್ಚಿದ ಕಟ್ಟಡದೊಳಗಿನ ಹಾರಾಟಕ್ಕೆ ಅನ್ವಯಿಸುವುದಿಲ್ಲ. ಆದರೆ ಒಳಾಂಗಣಕ್ಕೆ ಮಿನಿ ಹೇಳಿ ಮಾಡಿಸಿದ ಯಂತ್ರವಲ್ಲ. ಒಳಗೆ ಜಿಪಿಎಸ್ ಸಿಗುವುದಿಲ್ಲ, ಹೊಟ್ಟೆಯ ಕೆಳಗಿನ ಸಂವೇದಕ ನೆಲವನ್ನು ನೋಡಿ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ಅದಕ್ಕೆ ನೆಲ ಅರ್ಧ ಮೀಟರಿನಿಂದ 10 ಮೀಟರ್ ಒಳಗಿರಬೇಕು, ಬೆಳಕು 15 ಲಕ್ಸ್‌ಗಿಂತ ಹೆಚ್ಚಿರಬೇಕು, ನೆಲದಲ್ಲಿ ಗುರುತು ಹಿಡಿಯುವಂಥ ವಿನ್ಯಾಸ ಇರಬೇಕು. ಫಳಫಳ ಹೊಳೆಯುವ ಒಂದೇ ಬಣ್ಣದ ಟೈಲ್ಸ್ ಮೇಲೆ ಅದು ಜಾರಿದಂತೆ ಗೋಡೆಯತ್ತ ಸಾಗುತ್ತದೆ. ಮುಂದೆ, ಹಿಂದೆ, ಪಕ್ಕದಲ್ಲಿ ಅಡ್ಡಿ ಗುರುತಿಸುವ ಸಂವೇದಕ ಒಂದೂ ಇಲ್ಲ. ಚಿತ್ತಾರದ ಜಮಖಾನ ಹಾಸಿ, ಎಲ್ಲ ದೀಪ ಹಾಕಿ, ಫ್ಯಾನ್ ನಿಲ್ಲಿಸಿ, ರೆಕ್ಕೆ ರಕ್ಷಕ ಹಾಕಿ, ವೇಗವನ್ನು ಸಿ ಮೋಡ್‌ಗೆ ಇಳಿಸಿ ಹಾರಿಸಿ. ಆ ಮೋಡ್‌ನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 4 ಮೀಟರ್. ಚಾವಣಿಗೆ ತೀರ ಹತ್ತಿರ ಹೋದರೆ ರೆಕ್ಕೆಗಳ ಮೇಲಿನ ಗಾಳಿಯ ಒತ್ತಡ ಕುಸಿದು ಡ್ರೋನು ಮೇಲಕ್ಕೇ ಎಳೆದುಕೊಳ್ಳುತ್ತದೆ, ಅದಕ್ಕೆ ಕನಿಷ್ಠ ಒಂದು ಮೀಟರ್ ಬಿಡಿ.

ಒಳಾಂಗಣದಲ್ಲಿ ನಿಜಕ್ಕೂ ಅಪಾಯದ ಸಂಗತಿ ಇನ್ನೊಂದಿದೆ. ಕಿಟಕಿಯ ಪಕ್ಕದಲ್ಲಿ ಅರೆಬರೆ ಜಿಪಿಎಸ್ ಸಿಕ್ಕಿ ಮಿನಿ ಅಲ್ಲೇ ಹೋಮ್ ಪಾಯಿಂಟ್, ಅಂದರೆ ತಾನು ಮರಳಬೇಕಾದ ಜಾಗ, ದಾಖಲಿಸಿಕೊಂಡುಬಿಡಬಹುದು. ಆಮೇಲೆ ಸಂಪರ್ಕ ತಪ್ಪಿದರೆ, ಬ್ಯಾಟರಿ ತಗ್ಗಿದರೆ, ಆ ಜಾಗಕ್ಕೆ ಮರಳುವ ಕ್ರಮ ತಾನಾಗಿ ಶುರುವಾಗಬಹುದು. ಆಗ ಅದು ನಿಗದಿತ ಎತ್ತರಕ್ಕೆ ಏರಲು ಹೊರಡಬಹುದು. ಮೇಲೆ ಇರುವುದು ಚಾವಣಿ. ಹಾಗಾಗಿ ಒಳಗೆ ಹಾರಿಸುವ ಮುನ್ನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ತಪ್ಪಿದಾಗ ಏನಾಗಬೇಕು ಎಂಬಲ್ಲಿ ಇಳಿಯುವುದನ್ನು ಆರಿಸಿ, ಬ್ಯಾಟರಿ ಅರ್ಧಕ್ಕೆ ಬಂದಾಗ ನಿಲ್ಲಿಸಿ. ಹೊರಗೆ ಹೋದಾಗ ಅದನ್ನು ಮರಳಿ ಬದಲಿಸುವುದನ್ನು ಮರೆಯಬೇಡಿ. ಹೊರಗೆ ಮರಳುವ ಎತ್ತರ ಸುತ್ತಲಿನ ಅತಿ ಎತ್ತರದ ಮರಕ್ಕಿಂತ 10ರಿಂದ 15 ಮೀಟರ್ ಹೆಚ್ಚಿರಲಿ, ಕಾನೂನಿನ ಮಿತಿಯೊಳಗಿರಲಿ. ಎರಡೂ ಹೊಂದದ ಜಾಗ ಹಾರಾಟಕ್ಕೆ ತಕ್ಕದ್ದಲ್ಲ.

ಮಿನಿಯ ಅಂಗಗಳಲ್ಲಿ ಹೆಚ್ಚು ಗಮನ ಬೇಡುವುದು ರೆಕ್ಕೆ. ನಾಲ್ಕು ಮೋಟಾರು, ಒಂದೊಂದಕ್ಕೆ ಎರಡು ಎಸಳು, ಪ್ರತಿ ಎಸಳಿಗೆ ಒಂದು ಪುಟ್ಟ ಸ್ಕ್ರೂ. ದೊಡ್ಡ ಮ್ಯಾವಿಕ್‌ಗಳಂತೆ ಒತ್ತಿ ತಿರುಗಿಸಿ ಕೂರಿಸುವ ಸೌಕರ್ಯ ಇಲ್ಲ. ಎಸಳುಗಳು ತೆಳು, ಬಾಗುವಂಥವು. ಚೀಲದಲ್ಲಿ ತೋಳಿಗೆ ಒತ್ತಿಕೊಂಡು ವಾರಗಟ್ಟಲೆ ಬಿದ್ದರೆ ನಿಧಾನಕ್ಕೆ ತಿರುಚಿಕೊಳ್ಳುತ್ತವೆ. ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಮಡಚಿಟ್ಟ ಡ್ರೋನುಗಳಿಗೆ ಆಗುವುದು ಇದೇ. ಬಾಗಿದ ಎಸಳು ಬೇಕಾದಷ್ಟು ಎತ್ತುವುದಿಲ್ಲ, ಆ ಮೋಟಾರು ಉಳಿದವಕ್ಕಿಂತ ಜೋರಾಗಿ ತಿರುಗಬೇಕಾಗುತ್ತದೆ. ಅದು ಮಿತಿ ಮುಟ್ಟಿದಾಗ ಆ್ಯಪ್‌ನಲ್ಲಿ ಮೋಟಾರಿನ ಗರಿಷ್ಠ ವೇಗದ ಎಚ್ಚರಿಕೆ ಬರುತ್ತದೆ, ಗಾಳಿ ಸೇರಿಕೊಂಡರೆ ಒಂದು ಮೂಲೆ ಕುಸಿದು ಮಗುಚಿ ಬೀಳುತ್ತದೆ. ಈ ದೋಷ ಮಿನಿಯಲ್ಲಿ ಸಾಕಷ್ಟು ಪರಿಚಿತ. ಎಸಳುಗಳನ್ನು ಹಿಡಿದಿಡುವ ಪಟ್ಟಿ ಪ್ರತ್ಯೇಕವಾಗಿ ಸಿಗುತ್ತದೆ, ಕೊಳ್ಳಲೇಬೇಕಾದ ವಸ್ತು ಅದು.

ಎಸಳು ಬದಲಿಸುವುದಾದರೆ ಒಂದೇ ಮೋಟಾರಿನ ಎರಡನ್ನೂ ಒಟ್ಟಿಗೆ ಬದಲಿಸಿ. ಗುರುತಿರುವ ಎಸಳು ಗುರುತಿರುವ ತೋಳಿಗೆ, ಗುರುತಿಲ್ಲದ್ದು ಗುರುತಿಲ್ಲದ ತೋಳಿಗೆ. ಅದಲುಬದಲಾದರೆ ಏರುವ ಕ್ಷಣದಲ್ಲೇ ಪಲ್ಟಿ ಹೊಡೆಯುತ್ತದೆ. ಡಬ್ಬಿಯಲ್ಲಿ ಬರುವ ಸ್ಕ್ರೂಡ್ರೈವರನ್ನೇ ಬಳಸಿ, ನೇರವಾಗಿ ಹಿಡಿದು ತಿರುಗಿಸಿ. ಬಿಗಿ ಮಾಡಿದ ಮೇಲೆ ಎಸಳು ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಆಡಬೇಕು, ಆದರೆ ಮೇಲೆ ಕೆಳಗೆ ಅಲುಗಾಡಬಾರದು. ಅಂಚಿನಲ್ಲಿ ಉಗುರು ಆಡಿಸಿ ನೋಡಿ, ಎಲ್ಲಾದರೂ ತಡೆದರೆ ಅದು ಬಿರುಕು.

ಗಾಳಿಗೆ ಮಿನಿ ಹಗುರ. ಕಂಪನಿ ಹೇಳುವ ಮಿತಿ ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್. ನೆಲದಲ್ಲಿ ಎಲೆ ಅಲ್ಲಾಡುವಷ್ಟೇ ಇದ್ದರೂ 60 ಮೀಟರ್ ಮೇಲೆ ಬೇರೆಯೇ ಇರುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಜೊತೆಗಿರಲಿ. ಮರಳಲಾರದೆ ನಿಂತರೆ ಮೊದಲು ಎತ್ತರ ತಗ್ಗಿಸಿ, ಆಮೇಲೆ ಸೆಕೆಂಡಿಗೆ 13 ಮೀಟರ್ ಹೋಗಬಲ್ಲ ಎಸ್ ಮೋಡ್‌ಗೆ ಹಾಕಿ. 30 ನಿಮಿಷದ ಹಾರಾಟ ಎಂಬುದು ಗಾಳಿಯಿಲ್ಲದೆ ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ಅಳೆದ ಲೆಕ್ಕ. ಇಪ್ಪತ್ತು ನಿಮಿಷಕ್ಕೆ ಯೋಜನೆ ಹಾಕಿಕೊಳ್ಳಿ.

ಸಂಪರ್ಕ ವೈ-ಫೈ ಮೂಲಕ. ಎಲ್ಲರೂ ಮನೆಯಿಂದಲೇ ಕೆಲಸ, ಪಾಠ ನಡೆಸುವಾಗ ವಸತಿ ಪ್ರದೇಶದಲ್ಲಿ 2.4 ಗಿಗಾಹರ್ಟ್ಸ್ ತುಂಬಿ ತುಳುಕುತ್ತಿರುತ್ತದೆ, ಪರದೆಯ ಚಿತ್ರ ತಡವರಿಸುತ್ತದೆ. ನಿಮ್ಮಲ್ಲಿ ಅನುಮತಿ ಇದ್ದರೆ 5.8ಕ್ಕೆ ಬದಲಿಸಿ. 4 ಕಿಲೋಮೀಟರ್ ದೂರ ಹೋಗುತ್ತದೆ ಎಂಬ ಜಾಹೀರಾತನ್ನು ಮರೆತುಬಿಡಿ. ಈ ಬೂದುಬಣ್ಣದ ಪುಟ್ಟ ವಸ್ತು ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಯಾವ ಕಡೆ ಮುಖ ಮಾಡಿದೆ ಎಂದೇ ಕಾಣುವುದಿಲ್ಲ.

ಬ್ಯಾಟರಿ ಎರಡು ಸೆಲ್‌ನ 2400 ಎಂಎಎಚ್ ಲಿಥಿಯಂ. ತುಂಬಿಸಿ ಬಿಸಿ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಉಬ್ಬುತ್ತದೆ, ಪೂರ್ತಿ ಖಾಲಿ ಬಿಟ್ಟರೆ ಸಾಯುತ್ತದೆ. ಸುಮಾರು ಅರ್ಧ ತುಂಬಿ ತಂಪಾದ ಕಡೆ ಇಡಿ, ಮೂರು ತಿಂಗಳಿಗೊಮ್ಮೆ ಪೂರ್ತಿ ಬಳಸಿ ಮತ್ತೆ ತುಂಬಿಸಿ. ಗೂಡಿಗೆ ಸಲೀಸಾಗಿ ಜಾರದ ಬ್ಯಾಟರಿ ಉಬ್ಬಿರುವ ಬ್ಯಾಟರಿ, ಅದನ್ನು ಒತ್ತಿ ಕೂರಿಸಬೇಡಿ.

ಶುಚಿಗೊಳಿಸುವಾಗ ರಿಮೋಟಿನ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬಾರದು, ಡ್ರೋನನ್ನು ನಡೆಸುವ ಕಡ್ಡಿಗಳ ಬುಡದಿಂದ ಒಳಗಿಳಿಯುತ್ತದೆ. ಶೇಕಡ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಚ್ಚಿ ಹಿಂಡಿ ಒರೆಸಿ. ಕ್ಯಾಮೆರಾ ಗಾಜಿಗೆ ಅದು ಬೇಡ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವವರೆಗೆ ಬ್ಯಾಟರಿ ಮುಟ್ಟಬೇಡಿ, ಅದು ಹೊತ್ತಿಕೊಳ್ಳುವ ದ್ರವ.

ಕ್ಯಾಮೆರಾ ಬಗ್ಗೆ ಬೇಗ ಹೇಳಿಬಿಡಬಹುದು. 12 ಮೆಗಾಪಿಕ್ಸೆಲ್, 2.7ಕೆ ವಿಡಿಯೊ, ಕ್ಯಾಮೆರಾ ಅಲುಗದಂತೆ ಹಿಡಿದಿಡುವ ಮೂರು ಅಕ್ಷದ ಗಿಂಬಲ್. ಬೆಳಗಿನ ಬೆಳಕಿನಲ್ಲಿ ಚೆಂದ, ಮುಸ್ಸಂಜೆಗೆ ಕಾಳುಕಾಳು. ಫೋಟೊ ಜೆಪೆಗ್ ಮಾತ್ರ, ಆಮೇಲೆ ತಿದ್ದಲು ಅನುಕೂಲವಾದ ರಾ ಕಡತ ಇಲ್ಲ. 4ಕೆ ಬೇಕಿದ್ದವರಿಗೆ, ಗಾಳಿ ಹೆಚ್ಚಿರುವ ಕಡೆ ಹಾರಿಸುವವರಿಗೆ 2020ರ ನವೆಂಬರ್‌ನಲ್ಲಿ ಬಂದ ಮಿನಿ 2 ಮೇಲು. ಅದರ ಸಂಪರ್ಕವೂ ವೈ-ಫೈ ಅಲ್ಲ, ಕಂಪನಿಯದೇ ಆದ ಆಕ್ಯುಸಿಂಕ್ ರೇಡಿಯೊ ವ್ಯವಸ್ಥೆ.

ಹೊರಗೆ ಹೋಗುವ ಅವಕಾಶವೇ ಇಲ್ಲದವರು ಮಿನಿ ಕೊಳ್ಳುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಕಂಪ್ಯೂಟರಿನಲ್ಲೇ ಹಾರಾಟ ಕಲಿಸುವ ಒಂದು ಸಿಮ್ಯುಲೇಟರ್, ಜೊತೆಗೆ ಟೈನಿ ವೂಪ್ ಎಂಬ 65 ಮಿಲಿಮೀಟರಿನ ಪುಟಾಣಿ ಡ್ರೋನು ಸಾಕು. ಮೂವತ್ತು ಗ್ರಾಂ ಆಸುಪಾಸಿನ ಅದು ರೆಕ್ಕೆಗಳ ಸುತ್ತ ಬಳೆಯೊಂದಿಗೇ ಬರುತ್ತದೆ, ಗೋಡೆಗೆ ತಾಗಿದರೆ ಪುಟಿದು ನಿಲ್ಲುತ್ತದೆ. ಹಾರಾಟ ಮೂರು ನಾಲ್ಕು ನಿಮಿಷ. ತನ್ನನ್ನು ತಾನೇ ಒಂದೆಡೆ ನಿಲ್ಲಿಸಿಕೊಳ್ಳುವ ನೆರವು ಅದರಲ್ಲಿಲ್ಲ, ಹಾಗಾಗಿ ಕೈಗೆ ನಿಜವಾದ ಹಿಡಿತ ಬರುತ್ತದೆ. ಮನೆಯ ಹತ್ತಿರವೇ ಅನುಮತಿಯಿರುವ, ಜನರಿಲ್ಲದ ಬಯಲು ಇದ್ದವರಿಗೆ ಮಾತ್ರ ಮಿನಿ ತಕ್ಕ ಕೊಳ್ಳುವಿಕೆ.

ಹಳೆಯದನ್ನು ಕೊಳ್ಳುವವರು ಈ ಕ್ರಮದಲ್ಲಿ ನೋಡಿ: ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟರೆ ಅಲುಗಬಾರದು, ಆ್ಯಪ್‌ನಲ್ಲಿ ಎರಡೂ ಸೆಲ್‌ಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರಬೇಕು, ಗಿಂಬಲ್ ಚಾಲೂ ಮಾಡಿದಾಗ ನಡುಗದೆ ನೇರಕ್ಕೆ ಬರಬೇಕು, ತೋಳಿನ ಕೀಲುಗಳಲ್ಲಿ ಬಿರುಕಿರಬಾರದು. ಎಸಳುಗಳನ್ನು ಎಂಟಕ್ಕೆ ಎಂಟೂ ಬದಲಿಸಿ. ಆಮೇಲೆ ಗಾಳಿಯಿಲ್ಲದ ಬಯಲಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ಐದು ನಿಮಿಷ ನಿಲ್ಲಿಸಿ, ಇಳಿಸಿದ ಕೂಡಲೇ ನಾಲ್ಕು ಮೋಟಾರುಗಳನ್ನೂ ಬೆರಳಿನಿಂದ ಎಚ್ಚರಿಕೆಯಿಂದ ಮುಟ್ಟಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಅದರ ಬೇರಿಂಗ್ ಕೆಟ್ಟಿರಬಹುದು, ಕೊಳ್ಳಬೇಡಿ.