ಡರ್ವೆಂಟ್ ಎಡ್ಜೋ, ಕಿಂಡರ್‌ನ ಉಣ್ಣೆಮೂಟೆಗಳೋ?

ಹೊಸಪೇಟೆಯಲ್ಲಿ ಬೆಳೆದವಳು ನಾನು. ಬಂಡೆ ನೋಡಲು ಅಷ್ಟು ದೂರ ನಡೆಯಬೇಕು ಅನ್ನುವುದು ಗೊತ್ತಾಗಿದ್ದೇ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಮೇಲೆ. ಇಲ್ಲಿ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಬೆಟ್ಟಸೀಮೆಯ ಇಂಥ ಕಲ್ಲುಗಳು ಹೆಚ್ಚಾಗಿ ಮರವಿಲ್ಲದ ಎತ್ತರದ ಬಯಲಿನ ಅಂಚಿನಲ್ಲಿವೆ. ಈ ಬಯಲಿಗೆ ಇಲ್ಲಿಯವರು ಮೂರ್ ಅನ್ನುತ್ತಾರೆ. ಒಂದೇ ದಿನ ಇದ್ದರೆ ಎಲ್ಲಿಗೆ ಹೋಗಬೇಕು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ನನ್ನ ಲೆಕ್ಕದಲ್ಲಿ ಪೈಪೋಟಿ ಇರುವುದು ಎರಡರ ನಡುವೆ: ಡರ್ವೆಂಟ್ ಎಡ್ಜ್ ಅನ್ನುವ ಬಂಡೆಯಂಚು ಮತ್ತು ಕಿಂಡರ್ ಸ್ಕೌಟ್ ಬೆಟ್ಟದ ದಕ್ಷಿಣದ ಅಂಚು. ಎರಡನ್ನೂ ಎರಡೆರಡು ಸಲ ನಡೆದಿದ್ದೇನೆ.

ಡರ್ವೆಂಟ್ ಎಡ್ಜ್‌ಗೆ ಮೊದಲ ಸಲ ಹೋಗಿದ್ದು ಊರಿಂದ ಬಂದಿದ್ದ ಅಪ್ಪನ ಜೊತೆ, ಆಗಸ್ಟ್ ಕೊನೆಯಲ್ಲಿ. ಹೆದರ್ ಗಿಡ ಹೂಬಿಟ್ಟು ಬೆಟ್ಟವೆಲ್ಲ ನೇರಳೆಯಾಗಿತ್ತು. ಕಟ್‌ತ್ರೋಟ್ ಬ್ರಿಜ್‌ನಿಂದ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ವೀಲ್ ಸ್ಟೋನ್ಸ್ ಸಿಗುತ್ತದೆ. ದೂರದಿಂದ ಕುದುರೆಗಾಡಿಯಂತೆ ಕಾಣುತ್ತದೆ ಅಂತ ಅದಕ್ಕೆ ಕೋಚ್ ಅಂಡ್ ಹಾರ್ಸಸ್ ಅನ್ನುವ ಹೆಸರೂ ಇದೆ. ಅಲ್ಲಿಂದ ಮುಂದೆ ವೈಟ್ ಟೋರ್, ಸೊಂಟ ಸಣ್ಣಗಾದ ಸಾಲ್ಟ್ ಸೆಲ್ಲರ್, ಡವ್‌ಸ್ಟೋನ್ ಟೋರ್, ಆಮೇಲೆ ಕೇಕ್ಸ್ ಆಫ್ ಬ್ರೆಡ್. ಈ ಕೊನೆಯದು ನೋಡಲು ಥೇಟ್ ಜೋಳದ ರೊಟ್ಟಿ ಒಟ್ಟಿಟ್ಟ ಹಾಗೆ. ದಾರಿ ತಪ್ಪುವ ಮಾತೇ ಇಲ್ಲ. ಜೌಗು ಇರುವ ಕಡೆ ಚಪ್ಪಡಿ ಹಾಸಿದ್ದಾರೆ. 538 ಮೀಟರ್ ಎತ್ತರದ ಬ್ಯಾಕ್ ಟೋರ್‌ವರೆಗೆ ಒಂದು ಕಲ್ಲು ಮುಗಿಯುವಷ್ಟರಲ್ಲಿ ಮುಂದಿನದು ಕಣ್ಣಿಗೆ ಬೀಳುತ್ತದೆ.

ಅಪ್ಪ ವೀಲ್ ಸ್ಟೋನ್ಸ್ ಮೇಲೆ ಅಂಗೈ ಉಜ್ಜಿ, "ಇದು ಬೀಸೋಕಲ್ಲಿಗೆ ಆಗತ್ತಲ್ಲ" ಅಂದರು. ನಾನಿನ್ನೂ ಏನೂ ಹೇಳಿರಲಿಲ್ಲ! ಈ ಶಿಲೆಯ ಹೆಸರೇ ಮಿಲ್‌ಸ್ಟೋನ್ ಗ್ರಿಟ್. ಹತ್ತಿರದ ಸ್ಟೇನೇಜ್ ಎಡ್ಜ್ ಕೆಳಗೆ ಅರ್ಧಕ್ಕೆ ಬಿಟ್ಟುಹೋದ ಬೀಸುವ ಕಲ್ಲುಗಳು ಇವತ್ತಿಗೂ ಹುಲ್ಲಿನಲ್ಲಿ ಬಿದ್ದಿವೆ. ಸುಮಾರು 32 ಕೋಟಿ ವರ್ಷದ ಹಿಂದೆ ನದಿಗಳು ತಂದು ಸುರಿದ ಮರಳು ಇದು. ಹತ್ತಿರ ಬಾಗಿ ನೋಡಿದರೆ ಅಕ್ಕಿನುಚ್ಚಿನಷ್ಟು ದೊಡ್ಡ ಬಿಳಿ ಹರಳುಗಳು ಕಾಣುತ್ತವೆ. ನಮ್ಮ ಹಂಪಿಯದು ಗ್ರಾನೈಟ್, ಬಿರುಕಿನ ಗುಂಟ ಕರಗಿ ಗುಂಡಾಗುತ್ತದೆ. ಇದು ಪದರ ಪದರವಾಗಿ ಕೂತ ಮರಳು, ಮೆತ್ತಗಿನ ಪದರ ಮೊದಲು ಸವೆಯುತ್ತದೆ. ರೊಟ್ಟಿಯ ಅಟ್ಟಿ ಆಗಿದ್ದು ಹಾಗೆ.

ಕೆಳಗೆ ಲೇಡಿಬೋವರ್ ಜಲಾಶಯ. ಅದರಲ್ಲಿ ಡರ್ವೆಂಟ್, ಆಶಪ್ಟನ್ ಅಂತ ಎರಡು ಹಳ್ಳಿ ಮುಳುಗಿವೆ. ಅದನ್ನು ಕೇಳಿದ ಮೇಲೆ ಅಪ್ಪ ಕಲ್ಲು ನೋಡುವುದನ್ನೇ ಬಿಟ್ಟರು. ಟಿ.ಬಿ. ಡ್ಯಾಮ್ ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿದ್ದು, ಜನ ಮರಿಯಮ್ಮನಹಳ್ಳಿಗೆ ಬಂದದ್ದು, ಅಜ್ಜ ಹೇಳುತ್ತಿದ್ದ ಆ ಕಥೆಯನ್ನೆಲ್ಲ ಇಳಿಯುವವರೆಗೂ ಹೇಳಿದರು. ಡರ್ವೆಂಟ್ ಎಡ್ಜ್ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ನೀರು, ಆಮೇಲೆ ಕಲ್ಲು.

ಕಿಂಡರ್ ಬೇರೆಯೇ ತರಹ. ಎಡೇಲ್ ಹಳ್ಳಿಯಿಂದ ಜೇಕಬ್ಸ್ ಲ್ಯಾಡರ್ ಅನ್ನುವ ಕಡಿದಾದ ಕಲ್ಲುದಾರಿ ಹತ್ತುವುದು ಕಷ್ಟ, ಮೊಣಕಾಲು ನೋವಿದ್ದವರಿಗೆ ಬೇಡ. ಮೇಲೆ ಹೋದಮೇಲೆ ಕಮ್ಮಾರನ ಅಡಿಗಲ್ಲಿನಂತೆ ಕೂತ ನೋ ಸ್ಟೂಲ್, ಅದರಾಚೆ ಪಿಮ್ ಚೇರ್, ಆಮೇಲೆ ವೂಲ್ ಪ್ಯಾಕ್ಸ್, ಅಂದರೆ ಉಣ್ಣೆಮೂಟೆಗಳು. ಇಲ್ಲಿ ಒಂದೊಂದೇ ಕಲ್ಲನ್ನು ನೋಡುತ್ತಾ ಹೋಗುವ ಹಾಗಿಲ್ಲ, ಕಲ್ಲುಗಳ ಸಂತೆಯೊಳಗೇ ನುಗ್ಗಬೇಕು. ಪಾಚಿ ಕೊಳೆತು ಆದ ಕಪ್ಪು ಪೀಟ್ ಮಣ್ಣಿನಲ್ಲಿ ಮಲಗಿದ ಆನೆಗಳಂತೆ ನುಣ್ಣನೆಯ ಬೂದು ಬೆನ್ನುಗಳು, ನಡುವೆ ಒಬ್ಬರು ತೂರುವಷ್ಟು ಸಂದು. ಆ ಸಂದಿನಲ್ಲಿ ಗಾಳಿ ಪೂರ್ತಿ ನಿಂತುಬಿಡುತ್ತದೆ. ಬುತ್ತಿ ಬಿಚ್ಚಿ ಚಟ್ನಿಪುಡಿ ಹಚ್ಚಿದ ಚಪಾತಿ ತಿಂದಿದ್ದು ಅಲ್ಲೇ. ಬಂದು ಆರು ವರ್ಷವಾದರೂ ಊರಿನ ಗುಂಡುಗಳ ನಡುವೆ ಕೂತಂತೆ ಅನ್ನಿಸಿದ್ದು ಅವತ್ತೊಂದು ದಿನ.

ಆದರೆ ಎರಡನೇ ಸಲ ಮಂಜು ಕವಿದಾಗ ಅಂಚು ಬಿಟ್ಟು ಇನ್ನೂರು ಹೆಜ್ಜೆ ಒಳಗೆ ಹೋಗಿಬಿಟ್ಟೆವು. ಅಲ್ಲಿ ನೀರು ಪೀಟ್ ಕೊರೆದು ತಲೆಗಿಂತ ಎತ್ತರದ ಕಾಲುವೆಗಳಾಗಿವೆ. ಎಲ್ಲವೂ ಒಂದೇ ತರಹ. ದಿಕ್ಸೂಚಿ ಹಿಡಿದು ನೇರ ದಕ್ಷಿಣಕ್ಕೆ ನಡೆದ ಮೇಲೆ ದಾರಿ ಸಿಕ್ಕಿತು, ಅಷ್ಟರಲ್ಲಿ ಗೆಳತಿ ಅಳುತ್ತಿದ್ದಳು. ಕಾರ್ಖಾನೆಗಳ ಹೊಗೆಗೆ ಪಾಚಿ ಸತ್ತು ಈ ಮಣ್ಣು ಬತ್ತಲಾಯಿತಂತೆ. ಈಗ ಕಾಲುವೆಗಳಿಗೆ ಒಡ್ಡು ಕಟ್ಟಿ ಸ್ಫ್ಯಾಗ್ನಮ್ ಪಾಚಿ ನೆಡುತ್ತಿದ್ದಾರೆ. ದಯವಿಟ್ಟು ಅದನ್ನು ತುಳಿಯಬೇಡಿ.

ಈ ಅಂಚಿನಲ್ಲಿ ಸಲೀಸಾಗಿ ಓಡಾಡುವಾಗ ಒಂದು ನೆನಪಿರಲಿ. 1932ರ ಏಪ್ರಿಲ್ 24ರಂದು ನೂರಾರು ಕೂಲಿ ಹುಡುಗರು ಬೇಟೆಗಾರ ಜಮೀನ್ದಾರರ ಇದೇ ಕಿಂಡರ್ ಬೆಟ್ಟವನ್ನು ತಡೆ ಮೀರಿ ಹತ್ತಿದರು. ಅವರಲ್ಲಿ ಐದು ಜನ ಜೈಲಿಗೂ ಹೋದರು.

ಅಪ್ಪ, ಮಕ್ಕಳು, ಮೊದಲ ಸಲದವರು ಅಂದರೆ ಡರ್ವೆಂಟ್ ಎಡ್ಜ್, ಅದೂ ಹೆದರ್ ಹೂವಿನ ಕಾಲಕ್ಕೆ. ಕಲ್ಲಿಗೋಸ್ಕರವೇ ಹೋಗುವುದಾದರೆ ನನ್ನ ಓಟು ಉಣ್ಣೆಮೂಟೆಗಳಿಗೆ. ಎರಡಕ್ಕೂ ಒಂದೇ ನಕ್ಷೆ ಸಾಕು, ಆರ್ಡ್‌ನೆನ್ಸ್ ಸರ್ವೆಯ ಓಎಲ್ 1. ಎಡೇಲ್‌ಗೆ ಶೆಫೀಲ್ಡಿನಿಂದಲೂ ಮ್ಯಾಂಚೆಸ್ಟರಿನಿಂದಲೂ ನೇರ ರೈಲಿದೆ. ಬೆಳಗಿನ ಮೊದಲ ರೈಲನ್ನೇ ಹಿಡಿಯಿರಿ, ಆ ಹೊತ್ತಿಗೆ ಕಲ್ಲುಗಳ ನಡುವೆ ಇನ್ನೂ ಯಾರೂ ಬಂದಿರುವುದಿಲ್ಲ.